ಸೇದುವ ಗುಳಿಗೆ

ಎಂಥ ವೈದ್ಯರ ಗೀಚು ಬರಹವನ್ನೂ ವಿಜಯಶ್ರೀ ಒಂದೇ ನೋಟಕ್ಕೆ ಓದಿಬಿಡುತ್ತಿದ್ದಳು. ಕಲಬುರಗಿಯ ಸೇಡಂ ರಸ್ತೆಯ ಔಷಧ ಅಂಗಡಿಯಲ್ಲಿ ಒಂಬತ್ತು ವರ್ಷ ನಿಂತು ಕಲಿತ ವಿದ್ಯೆ ಅದು. ಅದನ್ನು ಕೇಳಿಯೇ ವೈದ್ಯಕೀಯ ಕಾಲೇಜಿನ ಡಾಕ್ಟರ್ ಸುಜಾತಾ ಅವಳನ್ನು ತಮ್ಮ ಅಧ್ಯಯನಕ್ಕೆ ಸೇರಿಸಿಕೊಂಡರು. ಬೀಡಿ, ಒಲೆಯ ಹೊಗೆ, ಧೂಳಿನಿಂದ ಶ್ವಾಸಕೋಶ ಕೆಟ್ಟು ವರ್ಷಗಟ್ಟಲೆ ದಮ್ಮು ಪಡುವವರಿಗೆ ಯಾವಾಗ ಯಾವ ಔಷಧ ಕೊಡಬೇಕೆಂದು ತಜ್ಞರು ಬರೆದಿಟ್ಟ ಮಾರ್ಗಸೂಚಿ ಇದೆ. ಜಿಲ್ಲೆಯ ವೈದ್ಯರು ಅದನ್ನು ಎಷ್ಟು ಪಾಲಿಸುತ್ತಾರೆ ಎಂಬುದು ಸುಜಾತಾ ಅವರ ಪ್ರಶ್ನೆ. ರೋಗಿಗಳ ಒಪ್ಪಿಗೆ ಪಡೆದು, ಚೀಟಿ ನೋಡಿ, ನಮೂನೆ ತುಂಬುವುದು ವಿಜಯಶ್ರೀಯ ಕೆಲಸ.

ಮೊದಲ ತಿಂಗಳಲ್ಲೇ ಅವಳಿಗೆ ಅಚ್ಚರಿ ಹತ್ತಿಕೊಂಡಿತು. ಮಾರ್ಗಸೂಚಿಯ ಪ್ರಕಾರ ಉಸಿರಿನೊಂದಿಗೆ ಎಳೆದುಕೊಳ್ಳುವ ಔಷಧವೇ ಮೊದಲು. ಚೀಟಿಗಳಲ್ಲಿ ಇದ್ದದ್ದು ಮಾತ್ರ ಸಿರಪ್ಪು, ಗುಳಿಗೆ, ಇಂಜೆಕ್ಷನ್. ಇಷ್ಟು ಓದಿದವರು ಗೊತ್ತಿದ್ದೂ ಯಾಕೆ ಬರೆಯುವುದಿಲ್ಲ? ಊಟಕ್ಕೆ ಕೂತಾಗಲೂ ಅವಳಿಗೆ ಅದೇ ಯೋಚನೆ.

ಕಮಲಾಪುರದ ಡಾಕ್ಟರ್ ಮಹಾದೇವ ಅವರ ಚೀಟಿಗಳು ಮಾತ್ರ ಬೇರೆಯಾಗಿದ್ದವು. ಮೂವತ್ತೊಂದರಲ್ಲಿ ಇಪ್ಪತ್ತೆಂಟು, ಮಾರ್ಗಸೂಚಿ ಪಕ್ಕದಲ್ಲಿಟ್ಟುಕೊಂಡು ಬರೆದಂತಿದ್ದವು. ಇಂಥವರನ್ನು ನೋಡಲೇಬೇಕೆಂದು ಅವಳು ಬಸ್ಸು ಹತ್ತಿದಳು.

ಅರವತ್ತರ ಆಸುಪಾಸಿನ ಮಹಾದೇವ ಚಹಾ ತರಿಸಿ, ಮುಚ್ಚುಮರೆಯಿಲ್ಲದೆ ಮಾತಾಡಿದರು. ಇಪ್ಪತ್ತು ವರ್ಷ ತಾವೂ ಇಂಜೆಕ್ಷನ್ನೇ ಕೊಟ್ಟವರು, ಸೂಜಿ ಚುಚ್ಚದಿದ್ದರೆ ಜನ ಮುಂದಿನ ದವಾಖಾನೆಗೆ ಹೋಗುತ್ತಿದ್ದರು. ಒಂದು ತರಬೇತಿಯ ನಂತರ ಮನಸ್ಸು ಗಟ್ಟಿ ಮಾಡಿ ಬದಲಾದರು.

"ಔಷಧ ಸೇದೂ ಮಷಿನ್ ಹಚ್ಚಿಕೊಂಡ್ರ ಸಾಯೂತನಾ ಬಿಡಂಗಿಲ್ಲ ಅಂತ ಮಂದಿ ಅಂಜತಾರ್ರಿ," ಎಂದರು. "ಅದಕ್ಕ ಭಾಳ ಡಾಕ್ಟರು ಆ ಉಸಾಬರಿನೇ ಬ್ಯಾಡ ಅಂತ ಬಿಟ್ಟಾರ."

ಅವಳ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ಆದರೆ ಅವರ ಚೀಟಿಗಳಲ್ಲೇ ಒಂದು ಅವಳನ್ನು ಕಾಡುತ್ತಿತ್ತು. ಸಾಬಮ್ಮ, ಐವತ್ತೆಂಟು ವರ್ಷ. ಎಂಟು ತಿಂಗಳಿಂದ ಸರಿಯಾದ ಔಷಧವೇ ಇದ್ದರೂ ಆಕೆ ಎರಡು ಸಲ ಕಲಬುರಗಿಯ ಆಸ್ಪತ್ರೆ ಸೇರಿದ್ದಳು.

ಸಾಬಮ್ಮ ಹೆದ್ದಾರಿ ಪಕ್ಕದಲ್ಲಿ ಕೆಂಪು ಬಾಳೆಹಣ್ಣು ಮಾರುತ್ತಾಳೆಂದು ತಿಳಿದು ವಿಜಯಶ್ರೀ ಅಲ್ಲಿಗೆ ಹೋದಳು. ಎರಡು ಮಾತಿಗೊಮ್ಮೆ ನಿಂತು ಉಸಿರು ಎಳೆಯುತ್ತ ಸಾಬಮ್ಮ ತನ್ನ ಕಥೆ ಹೇಳಿದಳು: ಬೀಡಿ ಮುಟ್ಟಿದವಳಲ್ಲ, ನಲವತ್ತು ವರ್ಷ ತೊಗರಿಕಟ್ಟಿಗೆಯ ಒಲೆ ಊದಿದವಳು. ಔಷಧ ಒಂದು ಹೊತ್ತೂ ತಪ್ಪಿಸಿಲ್ಲ ಎಂದಳು.

"ಆಯಿ, ನನ್ನ ಮುಂದ ಒಮ್ಮಿ ತಗೊಂಡು ತೋರಸ್ರಿ."

ಸಾಬಮ್ಮ ಚೀಲದಿಂದ ಕ್ಯಾಪ್ಸೂಲು ತೆಗೆದಳು. ನಾಲಿಗೆಯ ಮೇಲಿಟ್ಟು ನೀರು ಕುಡಿದು ನುಂಗಿದಳು.

ಅದು ನುಂಗುವುದಲ್ಲ. ಪುಟ್ಟ ಪ್ಲಾಸ್ಟಿಕ್ ಸಾಧನದೊಳಗೆ ಇಟ್ಟು, ತಿರುವಿ, ಒಳಗಿನ ಪುಡಿಯನ್ನು ಬಾಯಿಂದ ಸೇದಬೇಕಾದದ್ದು. ಸಾಧನ ಎಲ್ಲಿ ಎಂದು ಕೇಳಿದರೆ, ಡಾಕ್ಟರ್ ಕೊಟ್ಟದ್ದೆಂದು ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿ ಜೋಪಾನವಾಗಿ ಇಟ್ಟಿರುವುದಾಗಿ ಹೇಳಿದಳು.

"ನುಂಗು ಅಂತ ಯಾರ್ ಹೇಳ್ಯಾರ್ರಿ?"

"ಯಾರೂ ಏನೂ ಹೇಳಿಲ್ಲವ್ವ. ಗುಳಿಗಿ ಅಂದ ಮ್ಯಾಲ ನುಂಗೂದ ಅಲ್ಲೇನು?"

ವಿಜಯಶ್ರೀ ಕ್ಯಾಪ್ಸೂಲಿನ ಡಬ್ಬಿಯನ್ನು ಕೈಗೆ ತೆಗೆದುಕೊಂಡಳು. ಅಂಗಡಿಯಲ್ಲಿದ್ದಾಗ ಇಂಥ ಡಬ್ಬಿಗಳನ್ನು ತಾನೇ ನೂರಾರು ಜನರ ಕೈಗೆ ಕೊಟ್ಟಿದ್ದಳು. "ದಿನಕ್ಕ ಎರಡು ಸಲ" ಎಂದಷ್ಟೇ ಹೇಳಿ ಮುಂದಿನವರ ಚೀಟಿಗೆ ಕೈ ಚಾಚಿದ್ದಳು. ಅವರಲ್ಲಿ ಎಷ್ಟು ಜನ ನುಂಗಿರಬಹುದು?

ಸಾಬಮ್ಮನ ಮನೆಗೆ ಹೋಗಿ ಸಾಧನ ತೆಗೆಸಿದಳು. ನುಂಗಿದ್ದು ನುಂಗಿಯಾಗಿತ್ತು, ಆ ಹೊತ್ತಿಗೆ ಇನ್ನೊಂದು ಬೇಡವೆಂದು ಮೊದಲು ಖಾಲಿ ಸಾಧನದಲ್ಲೇ ಕಲಿಸಿದಳು. ತುಟಿ ಬಿಗಿದು ಜೋರಾಗಿ ಎಳೆಯುವುದು, ಹತ್ತು ಎಣಿಸುವವರೆಗೆ ಉಸಿರು ಹಿಡಿಯುವುದು, ಆಮೇಲೆ ಬಾಯಿ ಮುಕ್ಕಳಿಸುವುದು. ಮರುದಿನ ಮತ್ತೆ ಬಂದು ನಿಜವಾದ ಕ್ಯಾಪ್ಸೂಲಿನಲ್ಲಿ ಮಾಡಿಸಿದಾಗ ಸಾಬಮ್ಮ ಕೆಮ್ಮಿ, ಕಣ್ಣೊರೆಸಿಕೊಂಡು, "ಬಾಯಾಗ ಪುಡಿ ಸಿಹಿ ಹತ್ತಾಕತ್ತೈತಿ," ಎಂದಳು.

ವಿಷಯ ಕೇಳಿ ಮಹಾದೇವ ಎದ್ದರು. ಕಪಾಟಿನಿಂದ ಮಾರ್ಗಸೂಚಿ ತೆಗೆದರು. ಔಷಧಗಳ ಪುಟದ ತುಂಬ ಕೆಂಪು ಗೆರೆಗಳಿದ್ದವು. ಪ್ರತಿ ಭೇಟಿಯಲ್ಲೂ ರೋಗಿ ಸಾಧನ ಬಳಸುವುದನ್ನು ಕಣ್ಣಾರೆ ನೋಡಬೇಕು ಎಂದಿದ್ದ ಪುಟದಲ್ಲಿ ಒಂದೂ ಇರಲಿಲ್ಲ. "ಬರ್ದ್ರ ಮುಗೀತು ಅನ್ಕೊಂಡಿದ್ನಿ," ಎಂದರು.

ಆ ವಾರ ಅವರು ಹನ್ನೊಂದು ರೋಗಿಗಳಿಗೆ ಡಬ್ಬಿ ಸಮೇತ ಬರಲು ಹೇಳಿದರು. ನಾಲ್ವರು ನುಂಗುತ್ತಿದ್ದರು. ಮೂವರು ಎಳೆಯುವ ಬದಲು ಊದುತ್ತಿದ್ದರು.

ವಿಜಯಶ್ರೀಯ ನಮೂನೆಯಲ್ಲಿ ಇವರೆಲ್ಲರ ಮುಂದೆ "ಪಾಲನೆಯಾಗಿದೆ" ಎಂಬ ಗುರುತಿತ್ತು. ರೋಗಿ ಔಷಧ ಸೇದುವ ರೀತಿಯನ್ನು ನೋಡಿ ಬರೆಯಲು ಹೊಸ ಕಾಲಂ ಬೇಕೆಂದಾಗ ಸುಜಾತಾ ಮೊದಲು ಹಿಂಜರಿದರು, ಎರಡು ತಿಂಗಳ ಕೆಲಸ ಮತ್ತೆ ಮಾಡಬೇಕಾಗುತ್ತಿತ್ತು. ಎರಡು ದಿನ ಬಿಟ್ಟು ಅವರೇ ಫೋನು ಮಾಡಿ ಒಪ್ಪಿದರು.

ಸಾಬಮ್ಮನ ದಮ್ಮು ವಾಸಿಯಾಗಿಲ್ಲ, ಆಗುವಂಥದ್ದೂ ಅಲ್ಲ. ಆದರೆ ಆರು ತಿಂಗಳಿಂದ ಆಸ್ಪತ್ರೆ ಸೇರಿಲ್ಲ. ಈಗ ವಿಜಯಶ್ರೀ ಆಳಂದದ ಕಡೆಯ ಚೀಟಿಗಳನ್ನು ನೋಡುತ್ತಿದ್ದಾಳೆ. ಅಲ್ಲೊಬ್ಬ ವೈದ್ಯರು ಗಂಡಸರಿಗೆಲ್ಲ ಶ್ವಾಸಕೋಶದ ಬಲ ಅಳೆಯುವ ಊದುವ ಪರೀಕ್ಷೆ ಬರೆದು ಹೆಂಗಸರಿಗೆ ಒಬ್ಬರಿಗೂ ಬರೆದಿಲ್ಲ. ಯಾಕೆಂದು ಕೇಳಲು ಅವಳು ಸೋಮವಾರ ಹೊರಟಿದ್ದಾಳೆ.