ಕೊಸರು ಕೊಡದ ಮುನಿಯಕ್ಕ

ಜಯನಗರದ ನಮ್ಮ ಬೀದಿಗೆ ಸೊಪ್ಪು ತರುತ್ತಿದ್ದ ಮುನಿಯಕ್ಕ ಜರಗನಹಳ್ಳಿಯವಳು. ಕೊಸರು ಕೇಳಿದರೆ ಬುಟ್ಟಿ ಎತ್ತಿಕೊಂಡು ಹೊರಟೇಬಿಡುವ ಹೆಂಗಸು. ನಾಲ್ಕು ಎಲೆ ಹೆಚ್ಚಿಗೆ ಹಾಕು ಎಂದು ಐದು ವರ್ಷ ಜಗಳವಾಡಿ ನಾನೇ ಸೋತಿದ್ದೆ. ಆದರೆ ಅವಳ ಹೊನಗೊನ್ನೆ ಸೊಪ್ಪಿನ ಮುಂದೆ ಮಾರ್ಕೆಟ್ಟಿನದು ಬರೀ ಹುಲ್ಲು. ಊರಾಚೆ ದಿಣ್ಣೆಯ ಕೆಳಗೆ ಅವಳಿಗೊಂದು ತುಂಡು ಜೌಗು ನೆಲವಿತ್ತು. ಬೇಸಿಗೆಯಲ್ಲೂ ಅಲ್ಲಿ ಕಾಲಿಟ್ಟರೆ ನೀರು ಜಿನುಗುತ್ತಿತ್ತು. ಗಂಡ ತೀರಿಕೊಂಡ ಮೇಲೆ ಅದೊಂದನ್ನೇ ನಂಬಿ, ಯಾರ ಮನೆ ಬಾಗಿಲಿಗೂ ಕೆಲಸಕ್ಕೆ ಹೋಗದೆ ಬದುಕಿದ್ದಳು.

೧೯೭೮ರ ಯುಗಾದಿ ಕಳೆದ ವಾರ ಅವಳು ಬರಿಗೈಯಲ್ಲಿ ಬಂದಳು.

“ಜೌಗು ಒಣಗೋಯ್ತು ಕಣಮ್ಮ. ದಿಣ್ಣೆ ಮೇಲೆ ಹೊಸ ರೋಡು ಬಂದ್ಮೇಲೆ ನೀರೇ ಬರ್ತಿಲ್ಲ. ನಿಮ್ಮನೇಲಿ ಮುಸುರೆ ತಿಕ್ಕೋ ಕೆಲಸ ಇದ್ರೆ ಹೇಳಿ.”

ಮುನಿಯಕ್ಕನ ಬಾಯಲ್ಲಿ ಈ ಮಾತು ಕೇಳಿ ನನಗೆ ಸಂಕಟವಾಯಿತು, ಬೆನ್ನಿಗೇ ಸಿಟ್ಟೂ ಬಂತು. ಆ ರಸ್ತೆ ಹಾಕಿಸುತ್ತಿದ್ದ ಎಂಜಿನಿಯರು ಸಂಜೀವಯ್ಯ, ಅಂದರೆ ನಮ್ಮ ಮನೆಯವರೇ, ಒಳಗೆ ಕೂತು ಕಾಫಿ ಕುಡಿಯುತ್ತಿದ್ದರು. ಹೋಗಿ ಲೋಟ ಕಿತ್ತುಕೊಂಡು ವಿಷಯ ಹೇಳಿದೆ.

“ಎರಡು ಮೋರಿ ಇಡ್ಸಿದ್ದೀನಲ್ಲ,” ಎಂದರು.

“ಮೋರಿ ಮಳೆ ನೀರಿಗಾಯ್ತು ಸ್ವಾಮಿ,” ಎಂದಳು ಮುನಿಯಕ್ಕ ಬಾಗಿಲಲ್ಲೇ ನಿಂತು. “ನನ್ನ ನೀರು ಮಣ್ಣೊಳಗೇ ನಡ್ಕೊಂಡು ಬರೋದು. ನೀವು ರೋಲರ್ ಹೊಡ್ಸಿ ನೆಲ ಬಿಗಿ ಮಾಡ್ಬಿಟ್ರಿ.”

“ಅದೆಲ್ಲಿ ಬರುತ್ತೆ ಅಂತ ಪ್ಲಾನಲ್ಲೇ ಇಲ್ವಲ್ಲ.”

“ಬೂಟು ಬಿಚ್ಚಿ ಬನ್ನಿ, ತೋರಿಸ್ತೀನಿ.”

ನಾನೂ ಹೋದೆ, ಇಂಥ ತಮಾಷೆ ಬಿಡಲಾದೀತೆ? ಮಟಮಟ ಮಧ್ಯಾಹ್ನ. ಬೂಟು ಕೈಯಲ್ಲಿ ಹಿಡಿದು, ಪ್ಯಾಂಟು ಮಡಚಿ, ನಮ್ಮವರು ರಸ್ತೆಯ ಮೇಲುಮಗ್ಗುಲ ಧೂಳಿನಲ್ಲಿ ಕಾದ ಹೆಂಚು ತುಳಿದವರಂತೆ ಕುಣಿಯುತ್ತ ನಡೆದರು. ಕೂಲಿಯವರು ಗುದ್ದಲಿ ಬಿಟ್ಟು ನೋಡುತ್ತ ನಿಂತರು. ಮುನಿಯಕ್ಕ ಹಿಂದೆಯೇ ಬಂದಳು. ನೂರು ಹೆಜ್ಜೆ ಆದ ಮೇಲೆ, ನೆರಳೇ ಇಲ್ಲದ ಒಂದು ಕಡೆ, ಕುಣಿತ ನಿಂತಿತು. ಇವರು ಅಲ್ಲೇ ನಿಂತು ಉಸ್ಸೆಂದು ಬೆವರು ಒರೆಸಿಕೊಂಡರು.

“ಯಾಕ್ ಸ್ವಾಮಿ, ಇಲ್ಲೇ ನಿಂತ್ರಿ?”

“ಇಲ್ಲಿ ತಣ್ಣಗಿದೆ.”

“ಅದೇ ನನ್ನ ನೀರು.”

ಇವರು ತಮ್ಮ ಪಾದ ನೋಡಿಕೊಂಡರು, ಆಮೇಲೆ ಅವಳ ಮುಖ ನೋಡಿದರು. ಮರುದಿನವೇ ಅಲ್ಲಿ ರಸ್ತೆ ಅಗೆಸಿ, ತಳಕ್ಕೆ ದಪ್ಪ ಕಲ್ಲು ತುಂಬಿಸಿ, ಸಂದಿಯಲ್ಲಿ ನೀರು ನುಸುಳುವಂತೆ ಮಾಡಿ ಮತ್ತೆ ಮುಚ್ಚಿಸಿದರು. ಆಮೇಲೆ ನಿವೃತ್ತರಾಗುವವರೆಗೂ, ಎಲ್ಲೇ ರಸ್ತೆ ಹಾಕಿಸಲಿ, ಇವರು ಮೊದಲು ಬೂಟು ಬಿಚ್ಚುತ್ತಿದ್ದರು. ಆ ವಿದ್ಯೆ ಕಲಿಸಿದವಳಿಗೆ ಹೆಬ್ಬೆಟ್ಟು ಒತ್ತುವುದಷ್ಟೇ ಗೊತ್ತು ಎಂದು ನಾನು ಬಂದವರಿಗೆಲ್ಲ ಹೇಳುತ್ತಿದ್ದೆ.

ಮುನಿಯಕ್ಕ ಮುಸುರೆಗೆ ಬರಲಿಲ್ಲ. ತಿಂಗಳೊಪ್ಪತ್ತಿನಲ್ಲಿ, ಇನ್ನೂ ಒಂದು ಹನಿ ಮಳೆ ಬೀಳುವ ಮೊದಲೇ, ಬುಟ್ಟಿ ಹೊತ್ತು ಬಂದಳು. ಹಳೇ ಚಾಳಿಯಂತೆ ನಾನು ಕೊಸರು ಕೇಳಿದೆ. ಅವಳು ಬುಟ್ಟಿ ಎತ್ತಲಿಲ್ಲ. ಒಂದು ಹಿಡಿ ಎಳೇ ಸೊಪ್ಪು ತೆಗೆದು ನನ್ನ ಮೊರದಲ್ಲಿ ಹಾಕಿದಳು.

“ಇದು ನಿಮಗಲ್ಲ ಕಣಮ್ಮ,” ಎಂದಳು. “ಸ್ವಾಮಿಯೋರ ಕಾಲಿಗೆ.”