ಬಾಯ್ಲರ್ ಮುಂದೆ ಹಾಸಿದ ಸೀರೆ

ನೈಮೆಗನ್ನಿನಲ್ಲಿ ಬೆಳಕು ಹರಿಯಲು ಇನ್ನೂ ಹೊತ್ತಿದೆ. ನೆದರ್‌ಲ್ಯಾಂಡ್ಸಿನ ಚಳಿಗಾಲವೆಂದರೆ ಸೂರ್ಯನೂ ತಡವಾಗಿ ಕೆಲಸಕ್ಕೆ ಬರುವ ಕಾಲ. ಕಡಿದಾದ ಮೆಟ್ಟಿಲು ಹತ್ತಿ ಅಟ್ಟಕ್ಕೆ ಬಂದ ಜಲಜಾಕ್ಷಿ, ಚೀಲದಿಂದ ಸ್ಕ್ರೂಡ್ರೈವರಿಗೂ ಮೊದಲು ಮಾಸಿದ ಹಸಿರು ನೂಲಿನ ಸೀರೆಯೊಂದನ್ನು ತೆಗೆಯುತ್ತಾರೆ. ಅದನ್ನು ಮಡಿಸಿ ಬಾಯ್ಲರ್ ಮುಂದೆ ಹಾಸಿ, ಮೇಲೆ ಮಂಡಿಯೂರಿ ಕೂರುತ್ತಾರೆ. ಜೊತೆಯ ಕೆಲಸಗಾರರೆಲ್ಲ ಮಂಡಿಗೆ ರಬ್ಬರ್ ಪಟ್ಟಿ ಕಟ್ಟಿಕೊಳ್ಳುತ್ತಾರೆ. ಇವರಿಗೆ ಈ ಸೀರೆಯೇ ಆಗಬೇಕು.

ಇಲ್ಲಿನ ಹೆಚ್ಚಿನ ಮನೆಗಳಲ್ಲಿ ಒಂದು ಗ್ಯಾಸ್ ಬಾಯ್ಲರ್ ಇರುತ್ತದೆ. ಸ್ನಾನಕ್ಕೆ ನೀರು ಕಾಯಿಸುವುದೂ, ರೇಡಿಯೇಟರುಗಳಿಗೆ ಬಿಸಿನೀರು ಹರಿಸಿ ಮನೆ ಬೆಚ್ಚಗಿಡುವುದೂ ಅದೇ. ಅದು ಕೆಟ್ಟ ದಿನ ಜಲಜಾಕ್ಷಿಯೇ ದೇವರು. ಸರಿಹೋದ ಮರುದಿನ ಅವರ ನೆನಪು ಯಾರಿಗೂ ಇರುವುದಿಲ್ಲ. ಚಳಿ ಜೋರಾದರೆ ದಿನಕ್ಕೆ ಆರೇಳು ಮನೆ. ಬಾಗಿಲು ತೆರೆದವರು ಮೆಕ್ಯಾನಿಕ್ ಎಲ್ಲಿ ಎಂದು ಅವರ ಬೆನ್ನ ಹಿಂದೆ ಹುಡುಕುವುದೂ ಉಂಟು. "ಮೊದಮೊದಲು ಸಿಟ್ಟು ಬರ್ತಿತ್ತು. ಈಗ ನಾನೂ ಹಿಂದ ಹೊಳ್ಳಿ ನೋಡ್ತೀನಿ, ಯಾರರ ಬಂದಾರೇನು ಅಂತ," ಎಂದು ನಗುತ್ತಾರೆ.

ಧಾರವಾಡದಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದಿದ ಜಲಜಾಕ್ಷಿ ಇಲ್ಲಿಗೆ ಬಂದದ್ದು ಚಿಪ್ ಕಂಪನಿಯಲ್ಲಿ ಕೆಲಸ ಸಿಕ್ಕ ಗಂಡ ಜಯದೇವ ಅವರ ಜೊತೆ. ವರ್ಷಗಟ್ಟಲೆ ಅರ್ಜಿ ಹಾಕಿದರೂ ಯಾರೂ ಕರೆಯಲಿಲ್ಲ. ಒಂದು ಚಳಿಗಾಲ ಮನೆಯ ಬಾಯ್ಲರ್ ಕೆಟ್ಟಾಗ ರಿಪೇರಿಗೆ ಬಂದ ವಯಸ್ಸಾದ ಮೆಕ್ಯಾನಿಕ್‌ಗೆ ಟಾರ್ಚ್ ಹಿಡಿದು ನಿಂತರು. ಹೊರಡುವಾಗ ಆತ, ಈ ಕೆಲಸಕ್ಕೆ ಜನವೇ ಸಿಗುತ್ತಿಲ್ಲ, ನೀವು ಯಾಕೆ ಕಲಿಯಬಾರದು ಎಂದ. ಮಕ್ಕಳ ವಯಸ್ಸಿನ ಹುಡುಗರ ನಡುವೆ ಕೂತು, ಡಚ್ಚಿನಲ್ಲಿ ತಡವರಿಸುತ್ತಲೇ ಕಲಿತರು. ಕನ್ನಡ ಸಂಘದ ಊಟದ ಪಂಕ್ತಿಯಲ್ಲಿ ಇಂದಿಗೂ ಕೆಲವರು, ನಿಮಗೇಕೆ ಈ ಕಷ್ಟ ಎಂದು ಮರುಗುತ್ತಾರೆ. ಬಾಯ್ಲರ್ ನಿಂತರೆ ಅವರೂ ಫೋನ್ ಮಾಡುವುದು ಇವರಿಗೇ.

ಕಳೆದ ಚಳಿಗಾಲದಲ್ಲಿ ಹಾಗೆ ಫೋನ್ ಮಾಡಿದ್ದು ಸಂಘದ ಹುಡುಗ ಪೃಥ್ವಿ. ಅವನೂ ಹೆಂಡತಿ ಸ್ಪಂದನಾಳೂ ಕೊಂಡ ಹಳೇ ಮನೆಯ ಅಡುಗೆಮನೆಯಲ್ಲಿ ಮುದಿ ಬಾಯ್ಲರೊಂದಿತ್ತು. ಹೊಸ ಬಾಯ್ಲರ್ ಹಾಕಿಸುವುದೋ, ಗ್ಯಾಸೇ ಬೇಡದೆ ಕರೆಂಟಿನಲ್ಲೇ ಮನೆ ಬಿಸಿಮಾಡುವ ಹೀಟ್ ಪಂಪ್ ಹಾಕಿಸುವುದೋ ಎಂದು ಎರಡು ವರ್ಷದಿಂದ ಚರ್ಚೆ ನಡೆದಿತ್ತು. ಹೀಟ್ ಪಂಪ್ ಎಂದರೆ ಗೋಡೆ, ಕಿಟಕಿಗಳನ್ನೆಲ್ಲ ಮೊದಲು ಬಿಸಿ ಸೋರದಂತೆ ಭದ್ರ ಮಾಡಿಸಬೇಕು. ಚರ್ಚೆ ಮುಗಿಯುವ ಮೊದಲೇ ಮಗು ಬಂತು. ಬಾಣಂತನಕ್ಕೆ ಮೈಸೂರಿನಿಂದ ಸ್ಪಂದನಾಳ ಅಮ್ಮ ರುಕ್ಮಿಣಮ್ಮ ಬಂದರು. ಎರೆಯುವ ನೀರು ಸಾಕಷ್ಟು ಕಾಯುತ್ತಿಲ್ಲ ಎಂಬುದು ಅವರ ದೂರು. ಸ್ಪಂದನಾಳಿಗೆ ತಲೆಸಿಡಿತವೂ ಇತ್ತು. ನಿದ್ದೆಗೆಟ್ಟದ್ದಕ್ಕೆ ಇರಬೇಕು ಎಂದುಕೊಂಡಿದ್ದರು.

ಅಡುಗೆಮನೆಗೆ ಕಾಲಿಟ್ಟೊಡನೆ ಜಲಜಾಕ್ಷಿಯ ಸೊಂಟದಲ್ಲಿದ್ದ, ವಿಷಗಾಳಿ ಪತ್ತೆಮಾಡುವ ಮೀಟರ್ ಕೂಗತೊಡಗಿತು. ಆ ಬಗೆಯ ಹಳೇ ಬಾಯ್ಲರ್ ಉರಿಯಲು ಕೋಣೆಯ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಗಾಳಿ ಸಾಲದಿದ್ದರೆ ವಾಸನೆಯೇ ಇಲ್ಲದ ವಿಷಾನಿಲ ಕಾರುತ್ತದೆ. ಅವರು ಬಾಯ್ಲರ್ ಆರಿಸಿ ಕಿಟಕಿಗಳನ್ನೆಲ್ಲ ತೆರೆದರು. ಬಾಣಂತಿಗೆ ಗಾಳಿ ಸೋಕುತ್ತದೆಂದು ರುಕ್ಮಿಣಮ್ಮ ಗದರಿದರು. ವಾದಕ್ಕೆ ಹೊತ್ತಿರಲಿಲ್ಲ. ಕೂಸನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಹೊರಟೇಬಿಟ್ಟರು; ತಾಯಿ, ಅಜ್ಜಿ ಹಿಂದೆಯೇ ಓಡಿದರು. ಮೂವರನ್ನೂ ತಮ್ಮ ವ್ಯಾನಿನಲ್ಲಿ ಕೂರಿಸಿ ಹೀಟರ್ ಹಾಕಿ, ಡಾಕ್ಟರಿಗೆ ಫೋನ್ ಮಾಡಲು ಪೃಥ್ವಿಗೆ ಹೇಳಿ ಒಳಗೆ ಹೋದರು.

ಅಡುಗೆಮನೆ ಗೋಡೆಯ ಗಾಳಿಕಿಂಡಿಯಲ್ಲಿ ಹಸಿರು ಸೀರೆಯೊಂದನ್ನು ತುರುಕಲಾಗಿತ್ತು. ತಣ್ಣನೆ ಗಾಳಿ ಮಗಳಿಗೂ ಕೂಸಿಗೂ ತಾಗದಿರಲಿ ಎಂದು ಅಜ್ಜಿ ಮಾಡಿದ ಕೆಲಸ. ತಮ್ಮ ಬಾಣಂತನದಲ್ಲಿ ಅವ್ವನೂ ಕಿಟಕಿಯ ಸಂದಿಗೆ ಹೀಗೇ ಬಟ್ಟೆ ತುರುಕಿದ್ದು ನೆನಪಾಗಿ ಜಲಜಾಕ್ಷಿಗೆ ಕಣ್ಣು ತುಂಬಿತು.

ಎಲ್ಲರನ್ನೂ ಪರೀಕ್ಷಿಸಿದ ಡಾಕ್ಟರು ಭಯವಿಲ್ಲ ಎಂದರು. ಇನ್ನೊಂದು ಗ್ಯಾಸ್ ಬಾಯ್ಲರ್ ಹಾಕಿಸಲು ಪೃಥ್ವಿಗೆ ಮನಸ್ಸಿರಲಿಲ್ಲ. ಹಳೆಯದನ್ನೇ ರಿಪೇರಿ ಮಾಡಲಾಗುವುದಿಲ್ಲವೇ ಎಂದು ಕೇಳಿದ. ಮತ್ತೆ ಹೊತ್ತಿಸುವುದಿಲ್ಲ ಎಂದರು ಜಲಜಾಕ್ಷಿ. ಹೊರಗಿನ ಗಾಳಿಯನ್ನು ತನ್ನದೇ ಕೊಳವೆಯಲ್ಲಿ ಎಳೆದುಕೊಳ್ಳುವ ಚಿಕ್ಕ ಬಾಯ್ಲರೊಂದನ್ನು ಹಾಕೋಣ, ಮುಂದೆ ಹೀಟ್ ಪಂಪ್ ಬಂದರೆ ಎರಡೂ ಜೊತೆಗೇ ಕೆಲಸ ಮಾಡುತ್ತವೆ ಎಂದು ವಿವರಿಸಿದರು. "ಹೀಟ್ ಪಂಪ್ ಯಾವಾಗರ ಬರಲಿ. ಕೂಸಿಗೆ ಇವತ್ತು ಬೆಚ್ಚಗ ಬೇಕಲ್ಲಪಾ." ಆ ಸಂಜೆ ತಮ್ಮ ಮನೆಯ ಕರೆಂಟ್ ಹೀಟರುಗಳನ್ನೇ ತಂದಿಟ್ಟರು. ಮರುದಿನ ಹೊಸ ಬಾಯ್ಲರ್ ಹೊತ್ತಿಕೊಂಡಿತು.

ಎಲ್ಲ ಮುಗಿದ ಮೇಲೆ ರುಕ್ಮಿಣಮ್ಮ ಜಲಜಾಕ್ಷಿಯ ಕೈ ಹಿಡಿದುಕೊಂಡರು. "ನಿಜ ಹೇಳಮ್ಮಾ, ನನ್ನಿಂದಲೇ ಆಯ್ತಲ್ವಾ?"

ಜಲಜಾಕ್ಷಿ ಸುಳ್ಳು ಹೇಳಲಿಲ್ಲ. "ಗಾಳಿ ಕಟ್ಟಿದ್ದು ಸೀರೀನ ಖರೆ ರೀ ಅಮ್ಮಾ. ಆದ್ರ ಒಂದು ಸೀರಿ ಅಡ್ಡ ಬಂದಿದ್ದಕ್ಕ ವಿಷ ಕಾರೋ ಬಾಯ್ಲರ್ ಕೂಸಿರೋ ಮನ್ಯಾಗ ಇರಬಾರದಿತ್ತು. ನಿಮ್ಮದೇನಿದ್ರೂ ಕಕ್ಕುಲಾತಿ."

ಆದರೂ ಆ ಸೀರೆಯನ್ನು ಮತ್ತೆ ಕಣ್ಣಿಂದ ನೋಡಲು ರುಕ್ಮಿಣಮ್ಮನಿಗೆ ಆಗಲಿಲ್ಲ. ಎಲ್ಲಾದರೂ ಬಿಸಾಕಿಬಿಡು ಎಂದು ಕೊಟ್ಟರು. ಜಲಜಾಕ್ಷಿ ಬಿಸಾಕಲಿಲ್ಲ. ಅಂದಿನಿಂದ ಅದನ್ನು ಹಾಸದೆ ಯಾವ ಬಾಯ್ಲರನ್ನೂ ಬಿಚ್ಚಿಲ್ಲ, ಗಾಳಿಕಿಂಡಿ ನೋಡದೆ ಯಾವ ಮನೆಯಿಂದಲೂ ಹೊರಟಿಲ್ಲ.

ಅಟ್ಟದ ಬಾಯ್ಲರ್ ಈಗ ಹೊತ್ತಿಕೊಂಡಿದೆ. ಕೊಳವೆಯ ಮೇಲೆ ಅಂಗೈಯಿಟ್ಟು, ಬಿಸಿ ಏರುವವರೆಗೆ ಜಲಜಾಕ್ಷಿ ಕಾಯುತ್ತಾರೆ. ಆಮೇಲೆ ಎದ್ದು ಸೀರೆ ಕೊಡವುತ್ತಾರೆ. ಮುಂದಿನ ತಿಂಗಳು ಆ ಕೂಸಿಗೆ ವರ್ಷ ತುಂಬುತ್ತದೆ, ರುಕ್ಮಿಣಮ್ಮನೂ ಬರುತ್ತಾರಂತೆ. ಅಷ್ಟರೊಳಗೆ ಒಂದು ಕೆಲಸ ಮುಗಿಸುವ ಆಸೆ ಇವರದು.

"ಒಗದು ಕೂಸಿಗೊಂದು ಕೌದಿ ಹೊಲೀತೀನಿ. ಕೂಸು ಬೆಚ್ಚಗಿರಲಿ ಅಂತಾನ ಅಲ್ಲೇನ್ರಿ ಅಜ್ಜಿ ಈ ಸೀರಿ ತುರುಕಿದ್ದು? ಇನ್ನ ಮ್ಯಾಲ ಇದು ಅದನ್ನ ಮಾಡ್ಲಿ."