ಅರ್ಧ ತೋಳಿನ ಅಂಗಿ

ನಾವು ಅಂಡಮಾನಿಗೆ ಹೊರಟಿದ್ದು ಗೊಬ್ಬರದ ಪುಣ್ಯದಿಂದ. ಬಾಳ್ಳುಪೇಟೆಯಲ್ಲಿ ಹೆದ್ದಾರಿಗೆ ಮುಖ ಮಾಡಿ ನನ್ನ ಗಂಡನ ಗೊಬ್ಬರ, ಔಷಧಿಯ ಅಂಗಡಿ ಇತ್ತು. ಕಾಫಿಗೆ, ಮೆಣಸಿಗೆ ಹೊಡೆಯುವ ಔಷಧಿಯನ್ನು ಚೆನ್ನಾಗಿ ಮಾರಿದ ಅಂಗಡಿಯವರನ್ನು ಕಂಪನಿಯವರು ವರ್ಷಕ್ಕೊಮ್ಮೆ ಪ್ರವಾಸಕ್ಕೆ ಕರೆದುಕೊಂಡು ಹೋಗುತ್ತಾರೆ. ಅದುವರೆಗೆ ಗಂಡಸರಷ್ಟೇ ಹೋಗಿ ಬರುತ್ತಿದ್ದರು. ಅಲ್ಲಿ ಏನೇನು ರಂಪ ಮಾಡಿದ್ದರೋ ಕಾಣೆ, ಆ ಸಲ ಹೆಂಡತಿಯ ಜೊತೆ ಬಂದರೆ ಮಾತ್ರ ಟಿಕೆಟ್ ಎಂದುಬಿಟ್ಟರು. ಹಾಗಾಗಿ ನನಗೂ ಸಮುದ್ರ ನೋಡುವ ಯೋಗ ಬಂತು. ಮಂಗಳೂರಿಗೆ ಹೋಗುವ ಲಾರಿಗಳು ದಿನವಿಡೀ ನಮ್ಮ ಅಂಗಡಿ ಮುಂದೆಯೇ ನೆಲ ನಡುಗಿಸಿಕೊಂಡು ಹೋಗುತ್ತವೆ. ಘಾಟಿ ಇಳಿದರೆ ಸಮುದ್ರ. ಮದುವೆಯಾಗಿ ಅಷ್ಟು ವರ್ಷವಾದರೂ ನಾನು ಅದನ್ನು ಕಂಡಿರಲಿಲ್ಲ. ಈಗ ಏನೇ ಆಗಲಿ ನೋಡಿಯೇ ತೀರಬೇಕು ಎಂಬ ಹಟ ಹುಟ್ಟಿತು.

ಗಂಡ ಹೊಡೆಯುತ್ತಿದ್ದ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾನು ಸೂಟ್‌ಕೇಸು ತುಂಬಿದ ಕತೆ ಅರ್ಥವಾಗುವುದಿಲ್ಲ. ಎದುರಿಗೆ ‘ರೀ, ಬನ್ನಿ, ಹೋಗಿ’ ಎನ್ನುತ್ತಿದ್ದೆ. ಬರೆಯುವಾಗ ‘ಅವನು’ ಎಂದೇ ಬರೆಯುತ್ತೇನೆ, ಅಷ್ಟಾದರೂ ನನ್ನ ಕೈಯಲ್ಲಿದೆ. ಸಾರಿಗೆ ಉಪ್ಪು ಹೆಚ್ಚಾದರೆ ಹೊಡೆಯುತ್ತಿದ್ದ, ಗಿರಾಕಿಯ ಜೊತೆ ಜಗಳವಾದರೆ ಹೊಡೆಯುತ್ತಿದ್ದ, ಕರೆಂಟು ಹೋಗಿ ಮೊಬೈಲ್ ಚಾರ್ಜ್ ಆಗದಿದ್ದರೂ ಹೊಡೆಯುತ್ತಿದ್ದ. ಆದರೆ ಬುದ್ಧಿವಂತ. ಮುಖ, ಕುತ್ತಿಗೆ, ಸೀರೆ ಮುಚ್ಚದ ಸೊಂಟ, ಇವುಗಳ ತಂಟೆಗೆ ಹೋಗುತ್ತಿರಲಿಲ್ಲ. ಬೆನ್ನು, ತೊಡೆ, ರವಿಕೆಯೊಳಗಿನ ತೋಳು ಅವನ ಪಾಲು. ನಾನು ರವಿಕೆಯ ತೋಳನ್ನು ಮೊಣಕೈ ದಾಟಿಸಿ ಹೊಲಿಸುತ್ತಿದ್ದೆ. ಇದೇನಕ್ಕ ನಿಮ್ಮಜ್ಜಿ ಕಾಲದ ಫ್ಯಾಶನ್ನು ಎಂದು ಹೊಲಿಯುವವಳು ಪ್ರತಿ ಸಲವೂ ರೇಗಿಸುತ್ತಿದ್ದಳು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಗಾದೆ ಮಾಡಿದವನು ನಮ್ಮನೆಗೆ ಒಂದು ದಿನ ಬಂದು ಉಂಡು ಮಲಗಬೇಕಿತ್ತು. ನಮ್ಮ ಕಡೆ ಕಾಡಾನೆ ಯಾವ ತೋಟದಲ್ಲಿದೆ ಎಂದು ಎಲ್ಲರ ಮೊಬೈಲಿಗೂ ಮೆಸೇಜು ಬರುತ್ತದೆ, ಜನ ಆ ದಾರಿ ಬಿಟ್ಟು ಬೇರೆ ದಾರಿ ಹಿಡಿಯುತ್ತಾರೆ. ನಮ್ಮ ಮನೆಯೊಳಗಿನದಕ್ಕೆ ಆ ಸೌಕರ್ಯ ಇರಲಿಲ್ಲ.

ಮನೆಯಲ್ಲಿದ್ದವರು ನಾವಿಬ್ಬರು ಮತ್ತು ನನ್ನ ಅತ್ತೆ. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಅತ್ತೆಯದು ಹೆಚ್ಚು ಮಾತಿಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಇಟ್ಟು, ಕಂದು ಬಣ್ಣದ ಸ್ವೆಟರ್ ತೊಟ್ಟರೆ ಮಲಗುವವರೆಗೆ ಬಿಚ್ಚುತ್ತಿರಲಿಲ್ಲ. ಶಿವರಾತ್ರಿಗೆ ಚಳಿ ಶಿವಶಿವ ಅಂತ ಓಡಿಹೋಗುತ್ತದಂತೆ. ಅತ್ತೆಯ ಸ್ವೆಟರ್ ಮಾತ್ರ ಯುಗಾದಿ ಕಳೆದರೂ ಅಲುಗುತ್ತಿರಲಿಲ್ಲ. ಅವರ ಎಡಗೈ ಮೊಣಕೈಯ ಹತ್ತಿರ ಸೊಟ್ಟ. ಹಿಂದೆ ಕೊಟ್ಟಿಗೆಯಲ್ಲಿ ದನ ಗುದ್ದಿತ್ತು, ಮೂಳೆ ಸರಿಯಾಗಿ ಕೂಡಲಿಲ್ಲ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದರು. ಮಾವ ಸತ್ತ ವರ್ಷವೇ ದನಗಳನ್ನು ಮಾರಿ ಕೊಟ್ಟಿಗೆಯನ್ನು ಗೊಬ್ಬರದ ಗೋಡೌನ್ ಮಾಡಿದ್ದರು. ನಾನು ಬಂದಾಗಿನಿಂದ ನಮ್ಮನೆಗೆ ಪ್ಯಾಕೆಟ್ ಹಾಲೇ.

ಹೊರಡುವುದಕ್ಕೆ ಇನ್ನೂ ಬಹಳ ದಿನವಿರುವಾಗಲೇ ಕಂಪನಿಯವರು ಟೀ ಶರ್ಟ್ ಕಳಿಸಿಕೊಟ್ಟರು. ಗಿಳಿಹಸಿರು ಬಣ್ಣ, ಎದೆಯ ಮೇಲೆ ಕಂಪನಿಯ ಹೆಸರು. ಗಂಡಸರು ಹೆಂಗಸರು ಎಲ್ಲರೂ ಅದನ್ನೇ ಹಾಕಿಕೊಂಡು ಬಸ್ಸಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಬೇಕಂತೆ. ನಾನು ಹಾಕಿ ನೋಡಿದೆ. ತೋಳು ಮೊಣಕೈಗಿಂತ ಎಷ್ಟೋ ಮೇಲಕ್ಕೇ ಮುಗಿದಿತ್ತು. ಅವನು ನನ್ನ ತೋಳನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದ. ಆವತ್ತಿನಿಂದ ಕೈ ಎತ್ತುವುದನ್ನು ನಿಲ್ಲಿಸಿದ. ಪ್ರೀತಿ ಉಕ್ಕಿಯಲ್ಲ, ಅಂಗಡಿಗೆ ಇನ್‌ಸ್ಪೆಕ್ಷನ್ ಬರುವ ಮೊದಲು ಗೋಡೌನ್ ಗುಡಿಸುತ್ತಿದ್ದನಲ್ಲ, ಹಾಗೆ. ನೀಲಿಯಿದ್ದ ಕಲೆ ಹಸಿರಾಯಿತು, ಹಸಿರು ಹಳದಿಯಾಯಿತು. ಎಷ್ಟೋ ವರ್ಷದ ಮೇಲೆ ನನ್ನ ತೋಳು ನನ್ನದೇ ಬಣ್ಣಕ್ಕೆ ಬಂತು. ಸ್ನಾನ ಮಾಡುವಾಗ ಅದನ್ನು ಸುಮ್ಮನೆ ನೋಡುತ್ತಾ ನಿಲ್ಲುತ್ತಿದ್ದೆ.

ಮದುವೆಗೆ ಅಪ್ಪ ಆಲೂರಿನಲ್ಲಿ ಕೊಡಿಸಿದ್ದ ಕೆಂಪು ಸೂಟ್‌ಕೇಸನ್ನು ಅಟ್ಟದಿಂದ ಇಳಿಸಿದೆ. ಮುಚ್ಚಳ ತೆಗೆದರೆ ಜಿರಳೆಗಳು ದಿಕ್ಕಾಪಾಲಾದವು. ಚಪ್ಪಲಿ ಹಿಡಿದು ಒಂದೊಂದನ್ನೂ ಅಟ್ಟಿಸಿಕೊಂಡು ಹೋಗಿ ಹೊಸಕಿದೆ, ಹೊಸಕಿದ್ದನ್ನೇ ಮತ್ತೆ ಹೊಸಕಿದೆ. ಯಾರ ಮೇಲಿನ ಸಿಟ್ಟು ಎಂದು ಕೇಳುವವರು ಅಲ್ಲಿರಲಿಲ್ಲ. ಆ ದ್ವೀಪದಲ್ಲಿ ಮೀನು ಬಿಟ್ಟರೆ ಇನ್ನೇನೂ ಸಿಗುವುದಿಲ್ಲ ಎಂದು ಅತ್ತೆಗೆ ಯಾರೋ ಹೇಳಿದ್ದರು. ಲಿಂಗ ಕಟ್ಟಿದವರು ಅಲ್ಲಿ ಹೋಗಿ ಉಪವಾಸ ಬೀಳಬೇಕಾ ಎಂದು ಅವಲಕ್ಕಿ ಹುರಿದರು, ಬ್ಯಾಡಗಿ ಮೆಣಸಿನಕಾಯಿ ಹಾಕಿ ಕೆಂಪಗೆ ಚಟ್ನಿಪುಡಿ ಕುಟ್ಟಿ ಪ್ಲಾಸ್ಟಿಕ್ ಕವರಿಗೆ ತುಂಬಿದರು. ಎಲ್ಲವನ್ನೂ ತುರುಕುವಷ್ಟರಲ್ಲಿ ಸೂಟ್‌ಕೇಸು ಬಸುರಿಯ ಹೊಟ್ಟೆಯಾಯಿತು.

ಹೊರಡುವ ಹಿಂದಿನ ಮಧ್ಯಾಹ್ನ ಅವನು ಹಾಸನದಿಂದ ತಂದ ಚಡ್ಡಿ ಹಾಕಿಕೊಂಡು ಕನ್ನಡಿಯ ಮುಂದೆ ನಿಂತ. ಮೊಣಕಾಲಿನವರೆಗಿನ ಚಡ್ಡಿ, ಅದರ ತುಂಬ ದಾಸವಾಳದ ಹೂವು, ನಡುನಡುವೆ ತೆಂಗಿನಮರ. ಕಪ್ಪು ಕನ್ನಡಕ ಬೇರೆ. ಕೆಳಗೆ ಜೀವಮಾನವಿಡೀ ಪ್ಯಾಂಟಿನೊಳಗೇ ಇದ್ದ ಬಿಳಿಚು ಕಾಲು. ನಾನು ಸೂಟ್‌ಕೇಸಿನ ಮೇಲೆ ಮಂಡಿಯೂರಿ ಜಿಪ್ ಎಳೆಯುತ್ತಿದ್ದೆ. ಹೆಂಗೈತೆ ಎಂದು ಕೇಳಿದ. ತಲೆ ಎತ್ತಿ ನೋಡಿದೆ, ನಗು ಬಂತು. ತುಟಿ ಕಚ್ಚಿದೆ, ನಿಲ್ಲಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕೆ.

ಮಡಿಚಿ ಇಟ್ಟಿದ್ದ ಬೆಲ್ಟು ಹಾಸಿಗೆಯ ಮೇಲಿತ್ತು. ಮೊದಲ ಏಟು ತಪ್ಪಿ ಸೂಟ್‌ಕೇಸಿಗೆ ಬಿತ್ತು. ಚಟ್ನಿಪುಡಿಯ ಕವರು ಒಡೆದು ಕೆಂಪು ಧೂಳು ಮೇಲೆದ್ದಿತು. ಎರಡನೆಯದು ತಲೆಗೆ ಬರುತ್ತಿತ್ತು, ನಾನು ಬಲಗೈ ಅಡ್ಡ ಹಿಡಿದೆ. ಬಕಲು ತೋಳಿಗೆ ಕಚ್ಚಿತು. ಆಮೇಲೆ ಅದೇ ಜಾಗಕ್ಕೆ ಮತ್ತೆ, ಮತ್ತೆ. ಕಣ್ಣು ಉರಿ, ಇಬ್ಬರಿಗೂ ಕೆಮ್ಮು. ಅವನು ಸೀನುತ್ತಾ ಹೊಡೆದ. ನಾನೂ ಸುಮ್ಮನಿರಲಿಲ್ಲ. ಕೈಗೆ ಸಿಕ್ಕಿದ ಚಪ್ಪಲಿ ಬೀಸಿದೆ, ಅದು ಕನ್ನಡಿಗೆ ಬಡಿದು ಗಾಜು ಚೂರಾಯಿತು. ಜುಟ್ಟು ಹಿಡಿದು ಎಳೆದು ನನ್ನ ತಲೆಯನ್ನು ಬೀರುವಿಗೆ ಅಪ್ಪಳಿಸಿದ. ಬಾಯಲ್ಲಿ ರಕ್ತದ ರುಚಿ, ಅದರ ಮೇಲೆ ಮೆಣಸಿನಕಾಯಿಯ ಖಾರ. ಕಣ್ಣು ಬಿಟ್ಟಾಗಲೆಲ್ಲ ಎದುರಿಗೆ ಆ ದಾಸವಾಳದ ಹೂವುಗಳೇ ಕುಣಿಯುತ್ತಿದ್ದವು. ಅಂಥ ಚಡ್ಡಿ ತೊಟ್ಟವನ ಕೈಯಲ್ಲಿ ಹೊಡೆಸಿಕೊಳ್ಳುತ್ತಿದ್ದೇನಲ್ಲ ಎಂಬ ಅವಮಾನ ಏಟಿಗಿಂತ ಹೆಚ್ಚು ಉರಿಯಿತು. ಅತ್ತೆ ಬಾಗಿಲಲ್ಲಿ ನಿಂತು, ಸಾಕು ಬುಡೋ ಎಂದರು. ಅವನಿಗೆ ಅದು ಕೇಳಿಸಲಿಲ್ಲ. ನಿಂತಿದ್ದು ಹಾಸಿಗೆಯ ಮೇಲಿದ್ದ ಹಸಿರು ಅಂಗಿಯ ಕಡೆ ಕಣ್ಣು ಹೋದಾಗ. ಅಂಗಿ ನೋಡಿದ, ನನ್ನ ತೋಳು ನೋಡಿದ, ಅವನ ಮುಖದ ಕಳೆಯೇ ಇಳಿದುಹೋಯಿತು.

ಬೆಲ್ಟು ಎಸೆದು ಓಡಿಹೋಗಿ ಐಸು ತಂದ, ಮುಲಾಮು ತಂದ, ಪೌಡರ್ ಡಬ್ಬಿಯನ್ನೂ ತಂದ. ತೋಳು ಅಷ್ಟರಲ್ಲಿ ಊದಿ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಅದರ ಮೇಲೆ ಪೌಡರ್ ಹಾಕಿದರೆ ಸತ್ತವರ ಮೈಯ ಹಾಗೆ ಕಂಡಿತು. ನಾನು ಬರದಿದ್ದರೆ ಅವನೂ ಹೋಗುವಂತಿಲ್ಲ. ಕೊನೆಗೆ, ಚಳಿಜ್ವರ ಎಂದು ಹೇಳು, ಶರ್ಟಿನ ಮೇಲೆ ಸ್ವೆಟರ್ ಹಾಕಿಕೋ, ಬಿಚ್ಚಿದರೆ ನೋಡು ಎಂದು ಬೆರಳು ತೋರಿಸಿ ಅಂಗಡಿಗೆ ಹೋದ.

ಅತ್ತೆ ಉಪ್ಪು ಬಿಸಿ ಮಾಡಿ ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟರು. ಆಮೇಲೆ ನಿಧಾನವಾಗಿ ತಮ್ಮ ಕಂದು ಸ್ವೆಟರ್ ಬಿಚ್ಚಿ ನನ್ನ ತೊಡೆಯ ಮೇಲಿಟ್ಟರು. ಹಗಲು ಬೆಳಕಿನಲ್ಲಿ ಅವರ ತೋಳನ್ನು ನಾನು ಸರಿಯಾಗಿ ನೋಡಿದ್ದು ಅವತ್ತೇ. ಸೊಟ್ಟಗಾದ ಮೊಣಕೈ ಅಷ್ಟೇ ಅಲ್ಲ. ಅದರ ಮೇಲೆ ರವಿಕೆಯ ಅಂಚಿನವರೆಗೂ ಬೀಡಿಯಿಂದ ಸುಟ್ಟ ದುಂಡನೆಯ ಕಲೆಗಳು.

“ಹಾಕ್ಕೊ ಕಣವ್ವ. ನನ್ನ ಮಾನ ಇಷ್ಟು ವರ್ಷ ಇದೇ ಕಾಯ್ದೈತೆ” ಎಂದರು.

ದನ ಗುದ್ದಿದ್ದು ಅಂತಿದ್ದಿರಲ್ಲ ಅತ್ತೆ ಎಂದು ಕೇಳಿದೆ.

“ಆ ದನಾನ ವಿಭೂತಿ ಹಚ್ಚಿ ಮಣ್ಣು ಮಾಡಿ ಬಾಳ ವರ್ಷ ಆಯ್ತು” ಎಂದು ಒಡೆದ ಕನ್ನಡಿಯ ಚೂರು ಆರಿಸಲು ಕೂತರು.

ಅಳು ಬರಲಿಲ್ಲ, ಕೆಂಡದಂಥ ಸಿಟ್ಟು ಬಂತು. ಗಂಡನ ಮೇಲೆ, ಕಾಣದ ಮಾವನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಆ ಸ್ವೆಟರಿನ ಮೇಲೆ. ಅದರೊಳಗೆ ಬೆವರುತ್ತಾ ನೋಡುವ ಸಮುದ್ರ ನನಗೆ ಬೇಡ ಎನಿಸಿತು. ಸೂಟ್‌ಕೇಸನ್ನು ನೆಲಕ್ಕೆ ಬೋರಲು ಹಾಕಿದೆ. ಉದ್ದ ತೋಳಿನ ರವಿಕೆಗಳನ್ನೆಲ್ಲ ಎತ್ತಿ ಬೀರುವಿಗೆ ತುರುಕಿದೆ. ಉಳಿದ ಬಟ್ಟೆಯ ಮೆಣಸಿನ ಪುಡಿ ಕೊಡವಿ ಒಂದೇ ಕೈಯಲ್ಲಿ ಮತ್ತೆ ತುಂಬಿದೆ. ಈ ಸಲ ಜಿಪ್ ಸಲೀಸಾಗಿ ಮುಚ್ಚಿಕೊಂಡಿತು.

ಮಾರನೆಯ ದಿನ ಬಸ್ಸು ನಮ್ಮ ಅಂಗಡಿ ಮುಂದೆಯೇ ನಿಂತಿತ್ತು. ಬಿಸಿಲು ಏರಿತ್ತು. ಯಸಳೂರು, ಸಕಲೇಶಪುರದ ಅಂಗಡಿಯವರು, ಅವರ ಹೆಂಡತಿಯರು, ಎಲ್ಲರೂ ಗಿಳಿಹಸಿರು. ಅತ್ತೆ ನಮ್ಮನ್ನು ಕಳಿಸಲು ಬಂದಿದ್ದರು, ಮೈಮೇಲೆ ಸೆರಗು ಹೊದ್ದಿದ್ದರು. ನಾನು ಸ್ವೆಟರ್ ಹಾಕಿಕೊಂಡೇ ಮನೆಯಿಂದ ಬಂದು ಕಾರಿನಿಂದ ಇಳಿದೆ, ಅವನಿಗೆ ಸಮಾಧಾನ. ಫೋಟೋಗೆ ಎಲ್ಲರೂ ಸಾಲಾಗಿ ನಿಂತಾಗ ಗುಂಡಿ ಬಿಚ್ಚಿ, ಸ್ವೆಟರ್ ತೆಗೆದು ಅತ್ತೆಯ ಕೈಗೆ ಕೊಟ್ಟೆ.

ಯಸಳೂರಿನವರ ಹೆಂಡತಿ ಹತ್ತಿರ ಬಂದು, ಏನಾಯ್ತಕ್ಕ ಕೈಗೆ ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅವನು ಹೇಳಿದ, “ಕೊಟ್ಟಿಗೇಲಿ ದನ ಗುದ್ಬುಡ್ತು ಕಣ್ರಿ.” ಎಷ್ಟು ಸರಾಗವಾಗಿ ಹೇಳಿದ ಎಂದರೆ, ಹುಟ್ಟಿದಾಗಿನಿಂದ ಕೇಳಿ ಕೇಳಿ ಅವನಿಗೆ ಅದು ಬಾಯಿಪಾಠವಾದಂತಿತ್ತು.

ಅತ್ತೆ ಸ್ವೆಟರನ್ನು ಬಲಗೈಗೆ ವರ್ಗಾಯಿಸಿಕೊಂಡರು. ಸೆರಗು ಜಾರಿತು, ಎತ್ತಿ ಹೊದ್ದುಕೊಳ್ಳಲಿಲ್ಲ. ಸೊಟ್ಟಗಿನ ತೋಳು, ಅದರ ಮೇಲಿನ ಕಲೆಗಳು ಬಿಸಿಲಿನಲ್ಲಿ ಎಲ್ಲರಿಗೂ ಕಾಣುವಂತಿದ್ದವು.

“ನಮ್ಮನೇಲಿ ದನ ಎಲ್ಲೈತೋ?” ಎಂದು ಮಗನನ್ನು ಕೇಳಿದರು. “ನಿಮ್ಮಪ್ಪನ ಜೊತೇಲೇ ಹೋಯ್ತು ಅಂದ್ಕಂಡಿದ್ದೆ.”

ಯಾರೂ ನಗಲಿಲ್ಲ. ಫೋಟೋ ತೆಗೆದರು. ನಾನು ಆ ತೋಳನ್ನು ಮುಂದೆ ಮಾಡಿಯೇ ನಿಂತೆ. ಸೂಟ್‌ಕೇಸು ಎತ್ತಿಕೊಡಲು ಅವನು ಬಂದ, ಬೇಡವೆಂದು ನಾನೇ ಎತ್ತಿದೆ, ನೋವಿಗೆ ಕಣ್ಣಲ್ಲಿ ನೀರು ಬಂತು. ದ್ವೀಪದಲ್ಲಿ ಯಸಳೂರಿನವಳು ತನ್ನ ಗಂಡನನ್ನು ಇವನ ರೂಮಿಗೆ ಕಳಿಸಿದಳು, ನಾನು ಅವಳ ರೂಮಿನಲ್ಲಿ ಮಲಗಿದೆ, ಸಮುದ್ರ ನೋಡಿದೆ. ವಾಪಸ್ ಬರುವಾಗ ಬಾಳ್ಳುಪೇಟೆಗೆ ಮುಂಚೆಯೇ ಪಾಳ್ಯ ಬರುತ್ತದೆ, ಅದು ನನ್ನ ತವರು. ಅಲ್ಲಿ ಬಸ್ಸು ನಿಲ್ಲಿಸಿ ಎಂದೆ. ನಿಲ್ಲಿಸಿದರು. ಕೆಂಪು ಸೂಟ್‌ಕೇಸು ಇಳಿಸಿಕೊಂಡು ಹಿಂದೆ ನೋಡದೆ ನಡೆದೆ. ಅತ್ತೆ ಈಗಲೂ ತಿಂಗಳಿಗೊಮ್ಮೆ ಬಸ್ಸು ಹತ್ತಿ ನನ್ನನ್ನು ನೋಡಲು ಬರುತ್ತಾರೆ, ಸ್ವೆಟರ್ ಹಾಕಿಕೊಂಡು ಬರುವುದಿಲ್ಲ.